ಮೆಟ್ಲಿಗೊಂದು ಬೊಟ್ಟು

ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತೋಕೆ ಹೋಗಿದ್ದೆ, ಸಾವಿರ ಮೆಟ್ಲು ಅಷ್ಟೇ ಅಲ್ವಾ ಅಂತ ವಾಚಲ್ಲಿ ಟೈಮರ್ ಬೇರೆ ಆನ್ ಮಾಡ್ಕೊಂಡು. ಇನ್ನೂರಕ್ಕೇ ಉಸಿರು ಬಾಯಿಗ್ ಬಂತು.

ಮುಂದೆ ಒಬ್ರು ಅಜ್ಜಿ. ಬರಿಗಾಲು. ಒಂದೊಂದ್ ಮೆಟ್ಲಿಗೂ ಬಗ್ಗಿ ಅರಿಶಿನ, ಆಮೇಲೆ ಕುಂಕುಮ, ಆಮೇಲೆ ಮುಂದಿನ ಮೆಟ್ಲು. ಕಲ್ಲಿಗೆ ಉಜ್ಜಿ ಉಜ್ಜಿ ಬೆರಳ ತುದಿ ಕೆಂಪೋ ಹಳದಿಯೋ ಗೊತ್ತಾಗ್ತಿರ್ಲಿಲ್ಲ.

"ಸುಸ್ತಾಗಲ್ವಾ ಅಜ್ಜಿ?"

"ಬಗ್ಗಿದಾಗ್ಲೇ ಕಣಪ್ಪ ಉಸಿರು ತಗೊಳೋದು."

ನಾನು ಓಡಿ, ಕೂತು, ಮತ್ತೆ ಓಡಿ, ಏಳ್ನೂರರ ಹತ್ರ ನಂದಿ ಮುಂದೆ ಬಿದ್ಕೊಂಡೆ. ಒಂದೇ ಬಂಡೇಲಿ ಕಡೆದಿರೋ ಆ ಬಸವಣ್ಣನೂ ಹತ್ತಿ ಸುಸ್ತಾಗಿ ಕೂತಿರೋ ಹಾಗೇ ಕಾಣ್ಸುತ್ತೆ ನಂಗೆ. ನೀರು ಕುಡ್ದು ಬಗ್ಗಿ ನೋಡಿದ್ರೆ ಕೆಳಗಡೆ ತಿರುವಲ್ಲಿ ಅಜ್ಜಿ ಸೀರೆ. ಟೈಮರ್ ಇನ್ನೂ ಓಡ್ತಾನೇ ಇತ್ತು, ಆಫ್ ಮಾಡ್ದೆ.