ಗಂಗೋತ್ರಿಯ ಮೇಷ್ಟ್ರು, ಪರದೇಶದ ಗೆಳೆಯರು

ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡ ಸುದ್ದಿ ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಬಂದಾಗ ಮೊದಲು ಸಂತಾಪ ಬರೆದವನು ಮೈಸೂರಿನವನಲ್ಲ, ಮಂಡ್ಯದವನೂ ಅಲ್ಲ, ಇಥಿಯೋಪಿಯಾದ ಅಡಿಸ್ ಅಬಾಬಾದ ಗೆಳೆಯ. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಬೇರೆ ವಿಷಯ ತೋಚಲಿಲ್ಲ. ಎಂ.ಎ.ಯಲ್ಲಿ ಓದಿದ ಪಠ್ಯ ಬಹುಪಾಲು ಮರೆತೇ ಹೋಗಿದೆ.

1960ರಲ್ಲಿ ಶುರುವಾದ, ಕುವೆಂಪು ಅವರೇ ಹೆಸರಿಟ್ಟ, ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಗೆ ನಮ್ಮ ಕಾಲದಲ್ಲಿ ಇರಾನ್, ಇಥಿಯೋಪಿಯಾ, ಯೆಮೆನ್ ಕಡೆಯಿಂದ ಹುಡುಗರು ಓದಲು ಬರುತ್ತಿದ್ದರು. ನಾನು ಪಾಂಡವಪುರದ ಕಡೆಯವನು, ಕನ್ನಡ ಮಾಧ್ಯಮ. ಅವರ ಇಂಗ್ಲಿಷ್ ವ್ಯಾಕರಣ ನನ್ನದಕ್ಕಿಂತ ಎಷ್ಟೋ ಮೇಲು. ಆದರೂ ಕ್ಲಾಸಿನಲ್ಲಿ ತಬ್ಬಿಬ್ಬಾಗಿ ಕೂತಿರುತ್ತಿದ್ದರು. ನಮ್ಮವರ ಇಂಗ್ಲಿಷಿನ ಓಟ ಅವರ ಕಿವಿಗೆ ಹತ್ತುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಪಾಠ ಇಂಗ್ಲಿಷಿನಲ್ಲಿ ನಡೆದರೂ ಜೋಕು ಬರುತ್ತಿದ್ದದ್ದು ಕನ್ನಡದಲ್ಲಿ. ಇಡೀ ಕ್ಲಾಸು ಹೋ ಎಂದು ನಗುವಾಗ ಆ ನಾಲ್ಕೈದು ಮಂದಿ ಮಾತ್ರ ತಮ್ಮನ್ನೇ ಆಡಿಕೊಂಡರೇನೋ ಎಂಬಂತೆ ಅತ್ತಿತ್ತ ನೋಡುತ್ತಿದ್ದರು.

ಮೇಷ್ಟ್ರು ಇದನ್ನು ಗಮನಿಸಿದರು. ಅವರಿಗೆಂದೇ ಒಂದು ಇಂಗ್ಲಿಷ್ ಕ್ಲಾಸು ತೆಗೆದರು. ಅದಕ್ಕೆ ಸಂಬಳವಿಲ್ಲ, ಸರ್ಟಿಫಿಕೇಟೂ ಇಲ್ಲ. ಒಂದು ದಿನ ನನ್ನನ್ನು ಕರೆದು, "ಬಾರಯ್ಯ ಇಲ್ಲಿ. ಇನ್ನು ಮೇಲೆ ಕ್ಲಾಸಿನ ಜೋಕುಗಳೆಲ್ಲ ನಿನ್ನ ಜವಾಬ್ದಾರಿ. ಇವರಿಗೆ ಇಂಗ್ಲಿಷಿನಲ್ಲಿ ಹೇಳು. ನಗದಿದ್ದರೆ ಮತ್ತೆ ಹೇಳು" ಎಂದರು. "ಸಾರ್, ನನಗೇ ಇಂಗ್ಲಿಷ್ ಬರಲ್ಲ" ಅಂದೆ. "ಅದಕ್ಕೇ ಕಣಯ್ಯ ನಿನ್ನ ಕರೆದದ್ದು" ಎಂದು ಬೋರ್ಡಿನ ಕಡೆ ತಿರುಗಿಬಿಟ್ಟರು.

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡಾಡುತ್ತಾ ಹಿಂದಿನ ದಿನದ ಜೋಕುಗಳನ್ನು ಒಪ್ಪಿಸುತ್ತಿದ್ದೆ. ಇರಾನಿನವನು ಕಡೆಗೂ ನಕ್ಕ ದಿನ ನನಗೆ ಡಿಸ್ಟಿಂಕ್ಷನ್ ಬಂದಷ್ಟು ಖುಷಿ.

ಮೇಷ್ಟ್ರ ಪಾಠದ ವಸ್ತು ದಿನಬಳಕೆಯ ಕಾಗದಗಳು. ಓದಲು ಬಂದ ವಿದೇಶಿಯರು 14 ದಿನದೊಳಗೆ ನೋಂದಣಿ ಮಾಡಿಸಬೇಕಲ್ಲ, ಆ ಫಾರಂ ಒಂದು ದಿನ ಪಾಠವಾಯಿತು. 'ಸರ್‌ನೇಮ್' ಕಾಲಂ ಬಂದಾಗ ಇಥಿಯೋಪಿಯಾದ ಗೆಳೆಯ ಪೆನ್ನು ಕೆಳಗಿಟ್ಟ. ಅವರಲ್ಲಿ ಮನೆತನದ ಹೆಸರಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ತಾತನ ಹೆಸರು, ಅಷ್ಟೇ. ನನ್ನದಾದರೂ ಏನು? ಊರಿಗೊಂದು, ಅಪ್ಪನಿಗೊಂದು ಇನಿಷಿಯಲ್. ಇಬ್ಬರೂ ಎದ್ದು ನಿಂತು ನಮ್ಮ ಹೆಸರಿನ ಪುರಾಣವನ್ನು ಇಂಗ್ಲಿಷಿನಲ್ಲಿ ವಿವರಿಸಬೇಕಾಯಿತು. ಜೀವನದಲ್ಲಿ ನಾನು ಸತತವಾಗಿ ಐದು ನಿಮಿಷ ಇಂಗ್ಲಿಷ್ ಆಡಿದ್ದು ಅದೇ ಮೊದಲು.

ಇಥಿಯೋಪಿಯಾದವನ ವಾಚೊಂದು ವಿಚಿತ್ರ. ಅವರ ದೇಶದಲ್ಲಿ ಗಂಟೆ ಎಣಿಸುವುದು ಬೆಳಗಾದ ಮೇಲೆ. ನಮ್ಮ ಏಳು ಗಂಟೆ ಅವರಿಗೆ ಒಂದು. ಇಲ್ಲಿಗೆ ಬಂದರೂ ಅವನು ಹಾಗೇ ಇಟ್ಟುಕೊಂಡಿದ್ದ. ದಸರಾ ಸಮಯದಲ್ಲಿ ಒಂದು ದಿನ ಹತ್ತು ಗಂಟೆಯ ಕ್ಲಾಸಿಗೆ ಚಕ್ಕರ್ ಹೊಡೆದು ಎಲ್ಲರೂ ಚಾಮುಂಡಿ ಬೆಟ್ಟ ಹತ್ತಿದೆವು. ಸಂಜೆ ನಾಲ್ಕಕ್ಕೆ ಸಾಲಾಗಿ ಮೇಷ್ಟ್ರ ಕೋಣೆಗೆ ಹೋಗಿ ಆ ವಾಚು ತೋರಿಸಿದೆವು. "ಸಾರ್, ಹತ್ತು ಗಂಟೆ. ಸರಿಯಾಗಿ ಬಂದಿದ್ದೀವಿ." ಉಪಾಯ ಯಾರದೆಂದು ಬೇರೆ ಹೇಳಬೇಕಿಲ್ಲ. ಮೇಷ್ಟ್ರು ಕನ್ನಡಕ ಏರಿಸಿ ವಾಚನ್ನು ಸಾವಕಾಶವಾಗಿ ನೋಡಿದರು. "ಭೇಷ್. ಹಾಗಾದರೆ ನಾಳೆ ಕ್ಲಾಸು ಒಂದು ಗಂಟೆಗೆ. ಇದೇ ವಾಚಿನಲ್ಲಿ."

ಮಾರನೆ ದಿನ ಬೆಳಗ್ಗೆ ಏಳಕ್ಕೆ ಮುಖವನ್ನೂ ಸರಿಯಾಗಿ ತೊಳೆಯದೆ ಓಡಿದೆವು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದರು. ಅಂದಿನ ಪಾಠ: ತಡವಾದಾಗ ನಂಬುವಂಥ ನೆಪ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ. ಒಬ್ಬೊಬ್ಬರೂ ಒಂದೊಂದು ನೆಪ ಹೇಳಬೇಕು, ಅವರಿಗೆ ಒಪ್ಪಿಗೆಯಾದರೆ ಮಾತ್ರ ಕಾಫಿ. ಯೆಮೆನ್‌ನವನಿಗೆ ಎರಡು ಲೋಟ ಸಿಕ್ಕಿತು. ನನಗೆ ಸಿಗಲೇ ಇಲ್ಲ.

ಈಗ ನಾನು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ವಿದೇಶಿ ವಿದ್ಯಾರ್ಥಿಗಳ ಇಂಗ್ಲಿಷ್ ವಿಭಾಗ ನೋಡಿಕೊಳ್ಳುತ್ತೇನೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಈ ವಿಷಯದ ಮೇಲೆ ಮಾತಾಡಲು ನಾಲ್ಕು ಕಡೆ ಕರೆಯುತ್ತಾರೆ. ನಮ್ಮಲ್ಲಿ ಹವಾನಿಯಂತ್ರಿತ ಭಾಷಾ ಪ್ರಯೋಗಾಲಯವಿದೆ, ಹೆಡ್‌ಫೋನ್ ಇದೆ, ಉಚ್ಚಾರ ತಿದ್ದುವ ಆ್ಯಪ್ ಇದೆ. ಮೊದಲ ದಿನ ಸ್ವಾಗತ ಸಮಾರಂಭ, ಹೂಗುಚ್ಛ, ಗ್ರೂಪ್ ಫೋಟೋ. ಆಮೇಲೆ ಕ್ಯಾಂಟೀನಿಗೆ ಹೋಗಿ ನೋಡಿದರೆ ಒಂದೊಂದು ದೇಶದವರು ಒಂದೊಂದು ಮೇಜು, ನಮ್ಮ ಹುಡುಗರು ಇನ್ನೊಂದು ಮೂಲೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 9ಕ್ಕೆ 7 ಪಡೆದು ಬಂದವಳು ಪಕ್ಕದ ಬೆಂಚಿನವಳ ಹತ್ತಿರ ನೋಟ್ಸ್ ಕೇಳಲು ಮೂರು ದಿನ ಹಿಂಜರಿದದ್ದು ನನಗೆ ಗೊತ್ತಿದೆ. ಪಕ್ಕದ ಬೆಂಚಿನವಳು ಹಾಸನದ ಕಡೆಯ ಹುಡುಗಿ. ಇಂಗ್ಲಿಷಿಗೆ ಹೆದರಿ ಅವಳೂ ಬಾಯಿ ಬಿಟ್ಟಿರಲಿಲ್ಲ.

ಮುಂದಿನ ಸೆಮಿಸ್ಟರಿನಿಂದ ಹೊರದೇಶದ ಪ್ರತಿಯೊಬ್ಬ ವಿದ್ಯಾರ್ಥಿಗೂ ಕನ್ನಡ ಮಾಧ್ಯಮದಿಂದ ಬಂದ ಒಬ್ಬರನ್ನು ಜೊತೆ ಮಾಡಬೇಕೆಂದು ಬರೆದುಕೊಟ್ಟಿದ್ದೆ. ಇದಕ್ಕೆ ಕ್ರೆಡಿಟ್ ಎಷ್ಟು, ಫಲಿತಾಂಶ ಅಳೆಯುವುದು ಹೇಗೆ ಎಂಬ ಪ್ರಶ್ನೆಗಳೊಂದಿಗೆ ಫೈಲು ವಾಪಸು ಬಂದಿದೆ. ಮೇಷ್ಟ್ರಾಗಿದ್ದರೆ ಫೈಲೇ ಕಳಿಸುತ್ತಿರಲಿಲ್ಲ. ನಾನು ಉತ್ತರ ಬರೆಯುತ್ತಿದ್ದೇನೆ.