ಬೈಲುಕುಪ್ಪೆಯಲ್ಲಿ ಹುಟ್ಟಿದವರು ಯಾವ ದೇಶದವರು?

ಬೈಲುಕುಪ್ಪೆಯ ಚಿನ್ನದ ಬುದ್ಧನನ್ನು ನೆಂಟರಿಗೆ ತೋರಿಸುವಾಗ ನಮಗೆ ಹೆಮ್ಮೆ. ಇರಲೇಬೇಕು. ಮೈಸೂರು ರಾಜ್ಯ ಕೊಟ್ಟ ಕಾಡನ್ನು ಕಡಿದು ಮುಸುಕಿನ ಜೋಳ ಬೆಳೆದವರು ಅಲ್ಲಿ ನಿರಾಶ್ರಿತರಾಗಿ ನೆಲೆಸಿದ ಟಿಬೆಟನ್ನರೇ. ಆದರೆ ಅವರ ಮಕ್ಕಳ ಕಾಗದಪತ್ರ ನೋಡಿ.

ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಮರುದಿನ ಹುಟ್ಟಿದ ಮಗುವಿಗೆ ತಂದೆಯೋ ತಾಯಿಯೋ ಭಾರತೀಯರಾಗಿರಬೇಕು. ಒಂದೇ ರಾತ್ರಿಯ ಅಂತರ! ಆಮೇಲೆ ಹುಟ್ಟಿ, ಹೆತ್ತವರಿಬ್ಬರೂ ಭಾರತೀಯರಲ್ಲದಿದ್ದರೆ ವಿದೇಶಿಯರ ನೋಂದಣಿ ಪತ್ರವೇ ಗತಿ. ಅವಧಿ ಮುಗಿಯುವ ಮೊದಲು ನವೀಕರಿಸುತ್ತಲೇ ಇರಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ರಟ್ಟಿನ ಐಸಿ (ಗುರುತಿನ ಪ್ರಮಾಣಪತ್ರ) ಪುಸ್ತಕ.

ಅರ್ಹರಿಗೂ ತೊಡಕಿದೆ. ಮನೆಯಲ್ಲೇ ಹೆರಿಗೆಯಾಗಿ ಜನನ ನೋಂದಣಿ ಆಗಿರದಿದ್ದರೆ, ಈಗ ಮಾಡಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಶಾಲೆಯ ಟಿಸಿಯಲ್ಲಿ ‘ತೆನ್‌ಜಿನ್’, ನೋಂದಣಿ ಪತ್ರದಲ್ಲಿ ‘ತೇಂಜಿಂಗ್’ ಎಂದಿದ್ದರೆ ಅದಕ್ಕೊಂದು ಅಫಿಡವಿಟ್ಟು.