ಕ್ರುಷಿನ್ಯಾನಿ ಮಾದರಿ: ಮಿನಾರು ಹೋಯಿತು, ಗೋಪುರಗಳು ಬಂದವು

ನಾನು ಕಟ್ಟುತ್ತಿರುವ ಕ್ರುಷಿನ್ಯಾನಿ ಮಸೀದಿಯ ಪುಟ್ಟ ಮಾದರಿಯಿಂದ ನಿನ್ನೆ ರಾತ್ರಿ ಮಿನಾರನ್ನು ಕಿತ್ತು ಹಾಕಿದೆ. ಎರಡು ಭಾನುವಾರ ಕುಳಿತು ಐಸ್‌ಕ್ರೀಂ ಕಡ್ಡಿ ಕೊಯ್ದು ಅಂಟಿಸಿದ್ದು ಎರಡೇ ನಿಮಿಷದಲ್ಲಿ ಹೋಯಿತು. ತಪ್ಪು ನನ್ನದೇ. ಮಸೀದಿ ಎಂದ ಮೇಲೆ ಮಿನಾರು ಇರಲೇಬೇಕು ಎಂದುಕೊಂಡು, ಚಿತ್ರಗಳನ್ನು ಸರಿಯಾಗಿ ನೋಡುವ ಮೊದಲೇ ಕೆಲಸಕ್ಕೆ ಇಳಿದಿದ್ದೆ.

ಪೋಲೆಂಡಿನ ಪೂರ್ವದಲ್ಲಿ, ಬೆಲಾರೂಸ್ ಗಡಿಯ ಹತ್ತಿರದ ಈ ಹಳ್ಳಿಯ ಮಸೀದಿ ಪೂರ್ತಿ ಮರದ್ದು, ಕಡು ಹಸಿರು. 18ನೇ ಶತಮಾನದ ಕೊನೆಯ ಕಾಲದ್ದು. ಮುಂಭಾಗದಲ್ಲಿ ಎರಡು ಚೌಕ ಗೋಪುರ, ತುದಿಯಲ್ಲಿ ಅರ್ಧಚಂದ್ರ. ಆ ಚಂದ್ರಗಳನ್ನು ಕೈಯಿಂದ ಮರೆಮಾಡಿ ನೋಡಿದರೆ ಹಳ್ಳಿಯ ಚರ್ಚ್ ಎಂದೇ ಅನಿಸುತ್ತದೆ. ಆ ಸೀಮೆಯ ಮರಗೆಲಸದ ರೂಢಿಯೇ ಹಾಗೆ.

ಕಟ್ಟುವ ಕೆಲಸಕ್ಕಿಂತ ಊರಿನ ಕಥೆಗೇ ಈ ತಿಂಗಳು ಹೆಚ್ಚು ಹೊತ್ತು ಹೋಯಿತು. ಈ ಊರು ತಾತಾರರ, ಅಂದರೆ ಆ ಸೀಮೆಯಲ್ಲಿ ನೆಲೆಸಿದ್ದ ಮುಸ್ಲಿಂ ಯೋಧರ, ಕೈಗೆ ಬಂದದ್ದು ಸಂಬಳದ ಬಾಕಿಯ ಲೆಕ್ಕದಲ್ಲಿ! ಪೋಲಿಷ್ ಸೇನೆಯಲ್ಲಿದ್ದ ಲಿಪ್ಕಾ ತಾತಾರರಿಗೆ (ಪೋಲೆಂಡ್-ಲಿಥುವೇನಿಯಾದ ತಾತಾರರಿಗೆ ಈ ಹೆಸರು) ಸಂಬಳ ಬರಲಿಲ್ಲ, ಹಳೆಯ ಹಕ್ಕುಗಳೂ ಮೊಟಕಾದವು. 1672ರಲ್ಲಿ ಹಲವರು ದಂಗೆಯೆದ್ದು ಆಟೋಮನ್ ತುರ್ಕರ ಕಡೆ ಸೇರಿದರು. ಆಮೇಲೆ ಕ್ಷಮಾದಾನ ಪಡೆದು ಎಷ್ಟೋ ಮಂದಿ ಮರಳಿದರು. ಕೊಡಲು ಹಣವಿಲ್ಲದ ದೊರೆ ಮೂರನೇ ಯಾನ್ ಸೊಬಿಯೆಸ್ಕಿ 1679ರಲ್ಲಿ ಭೂಮಿಯನ್ನೇ ಕೊಟ್ಟ. ಕ್ರುಷಿನ್ಯಾನಿ ಒಂದು ತುಕಡಿಗೆ, ಬೊಹೊನಿಕಿ ಎಂಬ ಹಳ್ಳಿ ಇನ್ನೊಂದಕ್ಕೆ. ನಾಲ್ಕು ವರ್ಷಗಳ ಬಳಿಕ ವಿಯೆನ್ನಾ ಯುದ್ಧದಲ್ಲಿ ತಾತಾರರು ಅದೇ ದೊರೆಯ ಪರವಾಗಿ ಆಟೋಮನ್ನರ ವಿರುದ್ಧ ನಿಂತಿದ್ದರು.

ಕ್ರುಷಿನ್ಯಾನಿ ಪಡೆದವರ ಮುಂದಾಳು ಸಾಮುಯೆಲ್ ಮುರ್ಜಾ ಕ್ಷೆಚೋಫ್ಸ್ಕಿ. 1683ರಲ್ಲಿ ಪಾರ್ಕಾನಿ ಎಂಬಲ್ಲಿ ನಡೆದ ಕಾಳಗದಲ್ಲಿ ದೊರೆಯ ಜೀವ ಉಳಿಸಿದವನು ಇವನೇ ಎಂದು ಊರಿನವರ ನಂಬಿಕೆ. ಅಂದ ಹಾಗೆ, ಕ್ಷೆಚೋಫ್ಸ್ಕಿ ಎಂಬ ಹೆಸರಿನ ಮೊದಲ ಮೂರು ರೋಮನ್ ಅಕ್ಷರಗಳ (Krz) ಮುಂದೆ ನಾಲಿಗೆ ಒಂದು ವಾರ ತಡವರಿಸಿತು. ಉಚ್ಚಾರ ಕೇಳಿದ ಮೇಲೆ ನೋಡಿದರೆ ನಮ್ಮ 'ಕ್ಷ' ಒಂದೇ ಸಾಕು.

ಮಸೀದಿಯ ಹತ್ತಿರದ ಸ್ಮಶಾನಕ್ಕೆ ಸಾಬೂನಿನ ತುಂಡುಗಳಿಂದ ಹನ್ನೊಂದು ಸಮಾಧಿಗಲ್ಲು ಕೆತ್ತಿದ್ದೇನೆ. ನಿಜವಾದ ಕಲ್ಲುಗಳ ಮೇಲೆ ಅರಬ್ಬಿ, ಪೋಲಿಷ್, ರಷ್ಯನ್ ಬರಹಗಳಿವೆ. ಸ್ವಂತ ಭಾಷೆ ಈ ಜನರಿಗೆ ಎಂದೋ ಮರೆತುಹೋಗಿತ್ತು. ಧಾರ್ಮಿಕ ಪುಸ್ತಕಗಳಲ್ಲಿ ಪೋಲಿಷ್, ಬೆಲರೂಸಿಯನ್ ಮಾತುಗಳನ್ನೇ ಅರಬ್ಬಿ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಸಾಬೂನಿನ ಮೇಲೆ ಇದನ್ನೆಲ್ಲ ಕೆತ್ತುವ ತಾಳ್ಮೆ ನನಗಿಲ್ಲ. ಸೂಜಿಮೊನೆಯಿಂದ ಗೀಚಿ ಬಿಟ್ಟಿದ್ದೇನೆ.

ಎರಡನೇ ಮಹಾಯುದ್ಧದ ನಂತರ ಗಡಿ ಸರಿದಾಗ ಉಳಿದ ಹಳೆಯ ತಾತಾರ್ ಮಸೀದಿಗಳೆಲ್ಲ ಸೋವಿಯತ್ ಕಡೆಗೆ ಹೋದವು. ಪೋಲೆಂಡಿಗೆ ಉಳಿದ ಮರದ ಮಸೀದಿಗಳು ಈ ಎರಡು ಊರುಗಳವು ಮಾತ್ರ. 2012ರಲ್ಲಿ ಎರಡನ್ನೂ ರಾಷ್ಟ್ರೀಯ ಮಹತ್ವದ ಐತಿಹಾಸಿಕ ಸ್ಮಾರಕಗಳೆಂದು ಘೋಷಿಸಿದರು. ಹಾಗಾಗಿ ಬೊಹೊನಿಕಿಯನ್ನೂ ಮಾಡಬೇಕೆಂಬ ಆಸೆ ಹುಟ್ಟಿದೆ. ಮೊದಲು ಇದು ಮುಗಿಯಲಿ.

ಬಾಕಿ ಇರುವ ಕೆಲಸ: ಗಂಡಸರ ಕೋಣೆಗೂ ಹೆಂಗಸರ ಕೋಣೆಗೂ ನಡುವಿನ ಗೋಡೆಯಲ್ಲಿ ಉದ್ದನೆಯ ಕಿಂಡಿ, ಅದಕ್ಕೊಂದು ತೆಳು ಪರದೆ. ಹಳೆಯ ಮಲ್ ಪಂಚೆಯ ಚೂರು ಎತ್ತಿಟ್ಟಿದ್ದೇನೆ. ಹಸಿರು ಬಣ್ಣ ಮೂರು ಬಾರಿ ಬೆರೆಸಿದರೂ ಗಿಳಿಹಸಿರೇ ಆಗುತ್ತಿದೆ. ನಾಳೆ ಸ್ವಲ್ಪ ಕಪ್ಪು ಸೇರಿಸಿ ನೋಡಬೇಕು.